ಸಜ್ಜನನ ಸಿಟ್ಟು

ಕ್ರಿಸ್‌ಮಸ್ ಹಿಂದಿನ ಸಂಜೆ. ಸಣ್ಣ ಊರೊಂದರ ಹಳೆಯ ಮನೆ. ನಡುಮನೆಯಲ್ಲಿ ಸಿಂಗರಿಸಿದ ಗಿಡ, ಪಿಯಾನೋ ಮುಂದೆ ಕೂತು ಒಂದೇ ಹಾಡನ್ನು ಮತ್ತೆ ಮತ್ತೆ ಬಾರಿಸುತ್ತಿರುವ ಮಗಳು, ಮೂಲೆಯ ಮೇಜಿನ ಮೇಲೆ ಸೇತುವೆಯ ಪುಟ್ಟ ಮಾದರಿ. ಮನೆಯ ಯಜಮಾನ ಜಾರ್ಜ್ ಬೈಲಿ ಒಳಗೆ ಬರುತ್ತಾನೆ. ಅವನು ನಡೆಸುವ ಗೃಹಸಾಲ ಸಂಸ್ಥೆಯ ಎಂಟು ಸಾವಿರ ಡಾಲರ್ ಅದೇ ದಿನ ಕಳೆದುಹೋಗಿದೆ, ಜೈಲು ಕಣ್ಣ ಮುಂದಿದೆ. ಕಿರಿಯ ಮಗನನ್ನು ಎದೆಗವಚಿಕೊಂಡು ಅಳುತ್ತಾನೆ. ಮರುಗಳಿಗೆಯಲ್ಲಿ ಇಷ್ಟೊಂದು ಮಕ್ಕಳು ನಮಗೇಕೆ ಬೇಕಿತ್ತು ಎಂದು ಹೆಂಡತಿಯ ಮೇಲೆ ರೇಗುತ್ತಾನೆ. ಫೋನಿನಲ್ಲಿ ಇನ್ನೊಬ್ಬ ಮಗಳ ಟೀಚರಿಗೆ ಬಾಯಿಗೆ ಬಂದಂತೆ ಬೈಯುತ್ತಾನೆ. ಕೊನೆಗೆ ಆ ಮೂಲೆಗೆ ನುಗ್ಗಿ ಸೇತುವೆಯನ್ನು ಒದ್ದು ಚೆಲ್ಲಾಪಿಲ್ಲಿ ಮಾಡುತ್ತಾನೆ. ಊರು ಬಿಟ್ಟು ಹೋಗಿ ದೊಡ್ಡ ದೊಡ್ಡ ಸೇತುವೆ ಕಟ್ಟಬೇಕೆಂದಿದ್ದ ಅವನದೇ ಹಳೆಯ ಕನಸು ಅದು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತವೆ. ಅವನು ಕ್ಷಮೆ ಕೇಳುತ್ತಾನೆ, ಬಾರಿಸಮ್ಮ ಎನ್ನುತ್ತಾನೆ. ಅವಳಿಗೆ ಅಳು ಬಂದುಬಿಡುತ್ತದೆ.

1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರವನ್ನು ಅಮೆರಿಕದ ಮನೆಗಳಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಹಬ್ಬದಡುಗೆಯಷ್ಟೇ ನಿಯಮದಿಂದ ನೋಡುತ್ತಾರೆ. ದೇವದೂತ, ಹಿಮ, ಊರಿನವರೆಲ್ಲ ಬಂದು ಹಣ ಸುರಿಯುವ ಕೊನೆಯ ದೃಶ್ಯ ಎಲ್ಲರ ನೆನಪಿನಲ್ಲೂ ಉಳಿಯುತ್ತವೆ. ಮೇಜಿಗೆ ಒದ್ದ ಆ ಕಾಲನ್ನು ನೆನೆಯುವವರು ಕಡಿಮೆ. ಜಾರ್ಜ್ ಬೈಲಿಯಾಗಿ ನಟಿಸಿದ ಜೇಮ್ಸ್ ಸ್ಟೀವರ್ಟ್ ಅವರ ವಿಷಯದಲ್ಲೂ ಹೀಗೇ ಆಯಿತು. ಉದ್ದ ಕಾಲಿನ, ತಡವರಿಸುತ್ತ ಮಾತಾಡುವ, ಪಕ್ಕದ ಮನೆಯ ಹುಡುಗನಂಥ ಸಜ್ಜನ ಎಂಬ ಚಿತ್ರವೇ ಗಟ್ಟಿಯಾಗಿ ನಿಂತಿತು. ಆ ಚಿತ್ರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಮೊದಲ ಹತ್ತು ವರ್ಷ ಪ್ರೇಕ್ಷಕರ ನಂಬಿಕೆಯನ್ನು ಸಂಪಾದಿಸಿದ ಸ್ಟೀವರ್ಟ್, ಮುಂದಿನ ಹದಿನೈದು ವರ್ಷ ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಒಂದು ಕಠಿಣವಾದ ಸಂಗತಿಯನ್ನು ಹೇಳಿದರು. ರೋಷ, ಹಟ, ಒಬ್ಬರನ್ನು ಕೈವಶ ಮಾಡಿಕೊಳ್ಳುವ ಹುಚ್ಚು ಬರಿಯ ಖಳನಾಯಕರ ಸೊತ್ತಲ್ಲ, ಒಳ್ಳೆಯವನೆಂದು ಊರೇ ಒಪ್ಪಿದವನ ಎದೆಯಲ್ಲೂ ಅವು ಮನೆಮಾಡಿರುತ್ತವೆ ಎಂಬ ಸಂಗತಿ ಅದು. ಹಾಲಿವುಡ್‌ನ ನಾಯಕನಟರಲ್ಲಿ ತಮ್ಮ ಜನಪ್ರಿಯತೆಯನ್ನು ಇಷ್ಟು ಧೈರ್ಯವಾಗಿ ಪಣಕ್ಕಿಟ್ಟವರು ವಿರಳ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮಾತಿಗೆ ಮೊದಲ ತಕರಾರು ಹಳೆಯದು. ಸ್ಟೀವರ್ಟ್ ನಟಿಸುತ್ತಲೇ ಇರಲಿಲ್ಲ, ಇದ್ದ ಹಾಗೆ ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದರು ಎನ್ನುವುದು. ಬದುಕಿನ ವಿವರ ನೋಡಿದರೆ ಹಾಗೆನ್ನಿಸುವುದು ಸಹಜವೇ. 1908ರ ಮೇ 20ರಂದು ಪೆನ್ಸಿಲ್ವೇನಿಯಾ ರಾಜ್ಯದ ಇಂಡಿಯಾನಾ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದರು. ತಂದೆಗೆ ಹಾರ್ಡ್‌ವೇರ್ ಅಂಗಡಿ. ಪ್ರಿನ್ಸ್‌ಟನ್‌ನಲ್ಲಿ ವಾಸ್ತುಶಿಲ್ಪ ಓದಿ 1932ರಲ್ಲಿ ಪದವಿ ಪಡೆದರು. ಆರ್ಥಿಕ ಕುಸಿತದ ಆ ವರ್ಷ ಕಟ್ಟಡ ಕಟ್ಟಿಸುವವರೇ ಇರಲಿಲ್ಲ, ನಾಟಕ ಕಂಪನಿ ಸೇರಿದರು. ನ್ಯೂಯಾರ್ಕ್‌ನಲ್ಲಿ ಹೆನ್ರಿ ಫೋಂಡಾ ಜೊತೆ ಒಂದೇ ರೂಮಿನಲ್ಲಿದ್ದು ಕಷ್ಟಪಟ್ಟರು. 1935ರಲ್ಲಿ ಎಂಜಿಎಂ ಸ್ಟುಡಿಯೋ ಕರೆಯಿತು. ಇದೆಲ್ಲ ಅವರದೇ ಯಾವುದೋ ಚಿತ್ರದ ಮೊದಲ ರೀಲಿನಂತೆಯೇ ಇದೆ. ಆದರೆ 1936ರಷ್ಟು ಹಿಂದೆಯೇ ‘ಆಫ್ಟರ್ ದಿ ಥಿನ್ ಮ್ಯಾನ್’ ಎಂಬ ಪತ್ತೇದಾರಿ ಚಿತ್ರ ಬಂದಿತ್ತು. ಅದರಲ್ಲಿ ಯಾರ ಮೇಲೂ ಅನುಮಾನ ಬರಬಾರದಂಥ ಮೃದು ಯುವಕನ ಪಾತ್ರ ಅವರದು. ಕೊಲೆಗಾರ ಅವನೇ. ಕೊನೆಯ ನಿಮಿಷಗಳಲ್ಲಿ ಆ ಮೃದು ದನಿ ಬಿರುಕುಬಿಟ್ಟು ಒಳಗಿನ ದ್ವೇಷ ಹೊರಬರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಆ ಇಪ್ಪತ್ತೆಂಟರ ಹುಡುಗ ಆಗಲೇ ತೋರಿಸಿದ್ದ. ಸ್ಟುಡಿಯೋದವರು ಅದನ್ನು ಗಮನಿಸಲಿಲ್ಲ, ಅಷ್ಟೆ.

ಸಹಜ ಎನ್ನಿಸುವುದರ ಹಿಂದೆ ಎಷ್ಟು ದುಡಿಮೆ ಇರುತ್ತದೆ ಎಂಬುದಕ್ಕೆ 1939ರ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಫ್ರಾಂಕ್ ಕಾಪ್ರಾ ನಿರ್ದೇಶನದ ಈ ಚಿತ್ರದಲ್ಲಿ ಅಪ್ಪಟ ಆದರ್ಶವಾದಿ ಯುವಕನೊಬ್ಬ ಸೆನೆಟರ್ ಆಗಿ ಬಂದು, ಭ್ರಷ್ಟರ ವಿರುದ್ಧ ಸದನದಲ್ಲಿ ಹೆಚ್ಚೂಕಮ್ಮಿ ಇಡೀ ಒಂದು ದಿನ ಕೂರದೆ ಮಾತಾಡುತ್ತಾನೆ. ಮಾತಾಡಿ ಮಾತಾಡಿ ಅವನ ಗಂಟಲು ಕಟ್ಟಿಹೋಗುತ್ತದೆ. ಆ ಒಡೆದ ದನಿಯನ್ನು ಬರಿಯ ಅನುಕರಣೆಯಿಂದ ತಂದರೆ ಸಾಲದೆಂದು ಸ್ಟೀವರ್ಟ್ ವೈದ್ಯರೊಬ್ಬರ ಸಹಾಯದಿಂದ ಗಂಟಲಿಗೆ ಪಾದರಸದ ಲವಣದ ದ್ರಾವಣ ಹಚ್ಚಿಸಿಕೊಂಡರು. ಅದು ತಾಗಿ ಗಂಟಲು ಬಾತುಕೊಂಡಿತು. ಆ ದೃಶ್ಯದಲ್ಲಿ ಕೇಳುವುದು ನೋವಿನಿಂದಲೇ ಹೊರಟ ಸ್ವರ. ತಡವರಿಕೆಯೂ ಅಂಥದ್ದೇ. ಮಾತು ಎಲ್ಲಿ ಮುರಿಯಬೇಕು, ಯಾವ ಪದಕ್ಕೆ ಮುನ್ನ ಉಸಿರು ಸಿಕ್ಕಿಹಾಕಿಕೊಳ್ಳಬೇಕು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಒಂದೇ ಚಿತ್ರದ ಬೇರೆ ಬೇರೆ ದೃಶ್ಯಗಳನ್ನು ಪಕ್ಕಪಕ್ಕ ಇಟ್ಟು ಕೇಳಿ. ಹುಡುಗಿಯ ಮುಂದೆ ಟೋಪಿ ಬೀಳಿಸಿಕೊಳ್ಳುವಾಗಿನ ತೊದಲು ಬೇರೆ, ದ್ರೋಹ ಗೊತ್ತಾದಾಗಿನ ತೊದಲು ಬೇರೆ. ಇದ್ದ ಹಾಗೆ ನಿಂತವನಿಗೆ ಇಂಥ ಭೇದ ಮಾಡಲು ಬರುವುದಿಲ್ಲ.

ಮರುವರ್ಷದ ‘ದಿ ಫಿಲಡೆಲ್ಫಿಯಾ ಸ್ಟೋರಿ’ಗೆ ಆಸ್ಕರ್ ಬಂತು. ಪ್ರತಿಮೆಯನ್ನು ಊರಿಗೆ ಕಳಿಸಿದರು. ತಂದೆ ಅದನ್ನು ಹಾರ್ಡ್‌ವೇರ್ ಅಂಗಡಿಯ ಕಿಟಕಿಯಲ್ಲಿ, ಹೋಗಿಬರುವವರಿಗೆ ಕಾಣುವ ಹಾಗೆ ಇಟ್ಟರು. ಆ ಹೊತ್ತಿಗೆ ಮಗ ಸಿನಿಮಾ ಬಿಟ್ಟು ಹೊರಟಾಗಿತ್ತು. ತೂಕ ಸಾಲದೆಂದು ಮೊದಲ ಸಲ ಸೈನ್ಯ ವಾಪಸು ಕಳಿಸಿದರೂ ಬಿಡದೆ, ಪರ್ಲ್ ಹಾರ್ಬರ್ ದಾಳಿಗಿಂತ ಎಷ್ಟೋ ತಿಂಗಳು ಮುಂಚೆ, 1941ರ ಮಾರ್ಚ್‌ನಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ವಿಮಾನ ಹಾರಿಸಲು ಮೊದಲೇ ಬರುತ್ತಿತ್ತು. ಪ್ರಸಿದ್ಧ ನಟನನ್ನು ಕಳೆದುಕೊಳ್ಳುವ ಅಪಾಯ ಬೇಡವೆಂದು ಮೇಲಧಿಕಾರಿಗಳು ಅಮೆರಿಕದಲ್ಲೇ ತರಬೇತಿ ಕೊಡುವ ಕೆಲಸಕ್ಕೆ ಕೂರಿಸಿದರು. ಕಾಡಿ ಬೇಡಿ 1943ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ನಾರ್ಫಕ್ ಪ್ರಾಂತ್ಯದ ಟಿಬೆನ್‌ಹ್ಯಾಮ್ ನೆಲೆಗೆ ಬಂದರು. ಅಲ್ಲಿಂದ ಬಿ-24 ಲಿಬರೇಟರ್ ಬಾಂಬರ್‌ಗಳಲ್ಲಿ ಜರ್ಮನಿಯ ಮೇಲೆ ಹಾರಿದರು. ಅಧಿಕೃತ ಲೆಕ್ಕದಲ್ಲಿ 20 ಕಾರ್ಯಾಚರಣೆ. 1944ರ ಫೆಬ್ರುವರಿ ಕೊನೆಯಲ್ಲಿ ಗೋಥಾ ನಗರದ ಮೇಲಿನ ಒಂದೇ ದಾಳಿಯಲ್ಲಿ ಅವರ ಪಡೆಯ ವಿಮಾನಗಳಲ್ಲಿ ಸುಮಾರು ಅರ್ಧದಷ್ಟು ವಾಪಸು ಬರಲಿಲ್ಲ. ಆ ದಿನ ಅವರು ಹೋಗಿರಲಿಲ್ಲ, ಮರುದಿನ ಫರ್ತ್ ನಗರದತ್ತ ಹೋದರು. ಯುದ್ಧ ಮುಗಿದಾಗ ಅವರು ಕರ್ನಲ್. ನಾಲ್ಕು ವರ್ಷದಲ್ಲಿ ಸಿಪಾಯಿಯಿಂದ ಕರ್ನಲ್ ಆದ ಮನುಷ್ಯ ಮನೆಗೆ ಬಂದು, ತನ್ನ ಸೇವೆಯನ್ನು ಸಿನಿಮಾ ಪ್ರಚಾರಕ್ಕೆ ಬಳಸಬಾರದೆಂದು ಸ್ಟುಡಿಯೋಗಳಿಗೆ ಹೇಳಿದರು. ಆ ವಿಷಯ ಮಾತಾಡುವುದನ್ನೇ ಹೆಚ್ಚುಕಡಿಮೆ ಬಿಟ್ಟರು.

ಯುದ್ಧವೇ ಅವರನ್ನು ಬೇರೆ ನಟನನ್ನಾಗಿ ಮಾಡಿತು ಎಂಬ ಮಾತು ಈಗ ಬಹಳ ಕಡೆ ಕೇಳುತ್ತದೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. ಆ ದ್ವೇಷ 1936ರಲ್ಲೇ ಅವರಿಗೆ ಎಟುಕಿತ್ತು ಎಂಬುದನ್ನು ಆಗಲೇ ನೋಡಿದೆವು. 1940ರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಎಂಬ ನವಿರು ಪ್ರೇಮಕಥೆಯಲ್ಲೂ ಕೆಲಸ ಕಳೆದುಕೊಂಡ ಗುಮಾಸ್ತನ ಮುಖದಲ್ಲಿ ಅವಮಾನದ ಕಹಿ ಇದೆ. ಮೇಲಾಗಿ 1940ರ ದಶಕದ ಕೊನೆಗೆ ಹಾಲಿವುಡ್ ಪೂರಾ ಕತ್ತಲಿನ ಕಥೆಗಳತ್ತ ಹೊರಳಿತ್ತು, ಯುದ್ಧಕ್ಕೆ ಹೋಗದ ನಟರೂ ಅಂಥ ಪಾತ್ರ ಮಾಡಿದರು. ಯುದ್ಧ ಹೊಸ ಗುಣವನ್ನೇನೂ ಸೃಷ್ಟಿಸಲಿಲ್ಲ. ಮೊದಲು ಸಂಕೋಚದಿಂದ ಮುಚ್ಚಿಟ್ಟಿದ್ದರ ಮೇಲಿನ ಹೊದಿಕೆಯನ್ನು ತೆಗೆಯಿತು ಎನ್ನಬಹುದು. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನ ಇನ್ನೊಂದು ದೃಶ್ಯ ಇದಕ್ಕೆ ಆಧಾರ. ಮನೆಯಲ್ಲಿ ಸಿಡಿದ ಮೇಲೆ ಜಾರ್ಜ್ ಬಾರ್ ಒಂದರಲ್ಲಿ ಕೂತು, ದಿಕ್ಕು ತೋಚದೆ ದೇವರನ್ನು ಬೇಡಿಕೊಳ್ಳುತ್ತಾನೆ. ಚಿತ್ರೀಕರಣದಲ್ಲಿ ಸ್ಟೀವರ್ಟ್‌ಗೆ ನಿಜಕ್ಕೂ ಅಳು ಬಂತು, ಅದು ಯಾರ ಯೋಜನೆಯಲ್ಲೂ ಇರಲಿಲ್ಲ. ಕ್ಯಾಮೆರಾ ದೂರದಲ್ಲಿತ್ತು. ಆ ಅಳು ಇನ್ನೊಮ್ಮೆ ಬರಲಾರದೆಂದು ಅರಿತ, ಈ ಚಿತ್ರಕ್ಕೂ ನಿರ್ದೇಶಕರಾಗಿದ್ದ ಕಾಪ್ರಾ, ಮತ್ತೆ ಚಿತ್ರೀಕರಿಸುವ ಬದಲು ಲ್ಯಾಬಿನಲ್ಲಿ ಆ ಚೌಕಟ್ಟನ್ನೇ ಹಿಗ್ಗಿಸಿ ಕ್ಲೋಸ್‌ಅಪ್ ಮಾಡಿಕೊಂಡರು. ಗಮನವಿಟ್ಟು ನೋಡಿದರೆ ಚಿತ್ರ ಅಲ್ಲಿ ಸ್ವಲ್ಪ ಕಾಳುಕಾಳಾಗುವುದು ಕಾಣುತ್ತದೆ. ನಡುಗುವ ಬೆರಳನ್ನು ಬಾಯಿಗೆ ಒತ್ತಿಕೊಂಡ ಆ ಮುಖ ಹಾರ್ಡ್‌ವೇರ್ ಅಂಗಡಿಯ ಹುಡುಗನದಲ್ಲ.

ಪ್ರೇಕ್ಷಕರಿಗೆ ಆ ಮುಖ ಆಗ ಬೇಕಿರಲಿಲ್ಲ. ಚಿತ್ರ ಐದು ಆಸ್ಕರ್ ನಾಮನಿರ್ದೇಶನ ಪಡೆದರೂ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಕಾಪ್ರಾ ಕಟ್ಟಿದ್ದ ಲಿಬರ್ಟಿ ಫಿಲ್ಮ್ಸ್ ಅದರ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಬ್ಯಾಂಕಿನ ಧಣಿಯನ್ನು ದುಷ್ಟನಾಗಿ ತೋರಿಸಿದೆ ಎಂದು ಎಫ್‌ಬಿಐ ಕಡತದಲ್ಲಿ ಈ ಚಿತ್ರದ ಮೇಲೆ ಕಮ್ಯುನಿಸ್ಟ್ ಪ್ರಚಾರದ ಸಂಶಯವೂ ದಾಖಲಾಯಿತು. 1974ರಲ್ಲಿ ಹಕ್ಕುಸ್ವಾಮ್ಯ ನವೀಕರಿಸಲು ಮರೆತದ್ದರಿಂದ ಟಿವಿ ಚಾನೆಲ್‌ಗಳು ಪುಕ್ಕಟೆಯಾಗಿ ಹಾಕತೊಡಗಿದವು. ಹಬ್ಬದ ಚಿತ್ರವಾದದ್ದು ಆಮೇಲೆ. ಅಷ್ಟು ಹೊತ್ತಿಗೆ ಜನ ಸುಖಾಂತ್ಯದ ಕಡೆಯಿಂದ ಹಿಮ್ಮುಖವಾಗಿ ಚಿತ್ರವನ್ನು ನೆನೆಯಲು ಕಲಿತಿದ್ದರು.

ಸ್ಟೀವರ್ಟ್ ಅವರಿಗೆ ಎರಡನೆಯ ಜನ್ಮ ಸಿಕ್ಕಿದ್ದು ಕೌಬಾಯ್ ಚಿತ್ರಗಳಲ್ಲಿ. 1950ರ ‘ವಿಂಚೆಸ್ಟರ್ ’73’ಗೆ ಸ್ಟೀವರ್ಟ್ ಕೇಳುವ ಸಂಭಾವನೆ ಕೊಡಲು ಯೂನಿವರ್ಸಲ್ ಸಂಸ್ಥೆಗೆ ಆಗುತ್ತಿರಲಿಲ್ಲ. ಅವರ ಏಜೆಂಟ್ ಲ್ಯೂ ವಾಸರ್‌ಮನ್, ಸಂಬಳ ಬೇಡ, ಲಾಭದಲ್ಲಿ ಪಾಲು ಕೊಡಿ ಎಂದರು. ಲಾಭದ ಪಾಲು ಪಡೆದ ನಟರು ಹಿಂದೆಯೂ ಇದ್ದರು, ಆದರೆ ಚಿತ್ರ ಗೆದ್ದು ಸ್ಟೀವರ್ಟ್ ಕೈಗೆ ಸಂಬಳಕ್ಕಿಂತ ಎಷ್ಟೋ ಹೆಚ್ಚು ಬಂದಾಗ ಊರೆಲ್ಲ ಆ ದಾರಿ ಹಿಡಿಯಿತು. ಸ್ಟುಡಿಯೋಗಳ ದರ್ಬಾರು ಸಡಿಲವಾದ ಕಥೆಯಲ್ಲಿ ಇದೊಂದು ಮುಖ್ಯ ತಿರುವು. ನನ್ನ ವಾದಕ್ಕೆ ಇದು ಬೇಕಾದದ್ದು ಬೇರೆ ಕಾರಣಕ್ಕೆ. ಪಾಲುದಾರನಾದ ನಟ ಯಾವ ಕಥೆ, ಯಾವ ನಿರ್ದೇಶಕ ಎಂಬುದನ್ನು ತಾನೇ ತೀರ್ಮಾನಿಸಬಲ್ಲ. ಸ್ಟೀವರ್ಟ್ ಆರಿಸಿಕೊಂಡದ್ದು ಆಂಥನಿ ಮ್ಯಾನ್ ಎಂಬ, ಆಗಿನ್ನೂ ದೊಡ್ಡ ಹೆಸರಿಲ್ಲದ ನಿರ್ದೇಶಕರನ್ನು. ಇಬ್ಬರೂ ಸೇರಿ ಐದು ವರ್ಷದಲ್ಲಿ ಎಂಟು ಚಿತ್ರ ಮಾಡಿದರು. ಮೊದಲ ಚಿತ್ರದಲ್ಲೇ, ಬಾರಿನ ಕಟ್ಟೆಯ ಮುಂದೆ ನಿಂತ ನಾಯಕ ಎದುರಾಳಿಯ ಕೈ ತಿರುಚಿ ಅವನ ಮುಖವನ್ನು ಹಲಗೆಗೆ ಒತ್ತುತ್ತಾನೆ. ಹಲ್ಲು ಕಚ್ಚಿದ, ಕಣ್ಣು ಹೊರಬಂದ ಸ್ಟೀವರ್ಟ್ ಮುಖ ಕ್ಯಾಮೆರಾದ ತೀರಾ ಹತ್ತಿರ ಬರುತ್ತದೆ. ಆ ಕಣ್ಣಿನಲ್ಲಿ ನ್ಯಾಯದ ಕೋಪವಿಲ್ಲ, ನೋಯಿಸುವ ಆಸೆಯಿದೆ. 1953ರ ‘ದಿ ನೇಕೆಡ್ ಸ್ಪರ್’ ಇನ್ನೂ ಮುಂದೆ ಹೋಗುತ್ತದೆ. ನಾಯಕ ಯುದ್ಧಕ್ಕೆ ಹೋದಾಗ ಮದುವೆಯಾಗಬೇಕಿದ್ದವಳು ಅವನ ಜಮೀನು ಮಾರಿ ಹೋಗಿದ್ದಾಳೆ. ಅದನ್ನು ಮರಳಿ ಕೊಳ್ಳಲು ಅವನು ಬಹುಮಾನದ ಹಣಕ್ಕಾಗಿ ಮನುಷ್ಯನೊಬ್ಬನನ್ನು ಬೇಟೆಯಾಡುತ್ತಾನೆ. ಕೊನೆಗೆ ಹೆಣವನ್ನು ಕುದುರೆಯ ಕಡೆಗೆ ಎಳೆಯುತ್ತ, ತಾನು ಮಾಡುತ್ತಿರುವುದು ಎಂಥ ಕೆಲಸ ಎಂದು ಗೊತ್ತಿದ್ದೂ ಬಿಡಲಾರದೆ, ಬಿಕ್ಕಿಬಿಕ್ಕಿ ಅಳುತ್ತಾನೆ. ಕೌಬಾಯ್ ನಾಯಕ ಹಾಗೆ ಅತ್ತದ್ದನ್ನು ಜನ ಅದಕ್ಕೆ ಮುಂಚೆ ಕಂಡಿರಲಿಲ್ಲ ಎಂದೇ ನನ್ನ ಭಾವನೆ.

ಇಲ್ಲಿ ಎರಡನೆಯ ತಕರಾರು ಏಳುತ್ತದೆ, ಮೊದಲಿನದಕ್ಕಿಂತ ಬಲವಾದದ್ದು. ಇದೆಲ್ಲ ನಿರ್ದೇಶಕರ ಸಾಧನೆ, ನಟ ಬರಿಯ ಮಣ್ಣು, ಕುಂಬಾರ ಬೇರೆ ಎನ್ನುವವರಿದ್ದಾರೆ. ಅವರ ಪರವಾಗಿ ಸ್ವತಃ ಆಲ್‌ಫ್ರೆಡ್ ಹಿಚ್‌ಕಾಕ್ ಸಾಕ್ಷಿ ನುಡಿಯುತ್ತಾರೆ. 1954ರ ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕೂತ ಫೋಟೋಗ್ರಾಫರ್ ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತಾನೆ. ನಸುನಗುವ ಸ್ಟೀವರ್ಟ್ ಮುಖದ ಜೊತೆ ನಾಯಿಮರಿಯನ್ನು ತೋರಿಸಿದರೆ ಅವನು ಕರುಣಾಳು, ಅರೆಬತ್ತಲೆ ಹೆಣ್ಣನ್ನು ತೋರಿಸಿದರೆ ಅದೇ ನಗು ಚಪಲದ್ದಾಗುತ್ತದೆ ಎಂದು ಹಿಚ್‌ಕಾಕ್ ಸಂಕಲನದ ಮಹಿಮೆಯನ್ನು ವಿವರಿಸಿದ್ದರು. ಮಾತು ಸರಿಯೇ. ಆದರೆ ಎಲ್ಲ ಮುಖಕ್ಕೂ ಅದು ಒಪ್ಪುವುದಿಲ್ಲ. ಹಾಲಿವುಡ್‌ನಲ್ಲಿ ಖಳರಿಗೇ ಮೀಸಲಾದ ಮುಖಗಳಿದ್ದವು, ನಾಯಿಮರಿ ಪಕ್ಕದಲ್ಲಿಟ್ಟರೂ ಅವು ಅನುಮಾನವನ್ನೇ ಹುಟ್ಟಿಸುತ್ತಿದ್ದವು. ಎರಡೂ ಅರ್ಥಕ್ಕೆ ತೆರೆದಿರುವ ಮುಖ ಬೇಕು, ಆ ತೆರವನ್ನು ಇಪ್ಪತ್ತು ವರ್ಷದ ಕೆಲಸದಿಂದ ಸ್ಟೀವರ್ಟ್ ಸಂಪಾದಿಸಿದ್ದರು. ಪಕ್ಕದ ಮನೆಯೊಳಗೆ ಇಣುಕುವವನ ಜೊತೆ ನಾವೂ ಇಣುಕುತ್ತ ಕೂರುವುದು, ಬಹಳ ಹೊತ್ತು ಅದು ತಪ್ಪೆನ್ನಿಸದೇ ಇರುವುದು, ಇಣುಕುತ್ತಿರುವವನು ‘ಮಿಸ್ಟರ್ ಸ್ಮಿತ್’ ಆದ್ದರಿಂದ.

‘ವರ್ಟಿಗೊ’ (1958) ನೋಡಿದವರಿಗೆ ಸಂಕಲನದ ವಾದ ಸಾಲದು. ಸತ್ತಳೆಂದು ನಂಬಿದ ಪ್ರೇಯಸಿಯನ್ನು ಹೋಲುವ ಅಂಗಡಿ ಹುಡುಗಿಯೊಬ್ಬಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿವೃತ್ತ ಪತ್ತೇದಾರ ಸ್ಕಾಟಿಗೆ ಸಿಗುತ್ತಾಳೆ. ಅವಳನ್ನು ಸತ್ತವಳ ತದ್ರೂಪ ಮಾಡಲು ಅವನು ಹೊರಡುತ್ತಾನೆ. ಬಟ್ಟೆ ಅಂಗಡಿಯಲ್ಲಿ ಅದೇ ಬೂದು ಸೂಟು ಬೇಕೆಂದು ಹಟ, ಅದೇ ಬೂಟು, ಕೂದಲಿಗೆ ಅದೇ ಬಣ್ಣ. ಬೇಡ ಎಂದು ಅವಳು ಗೋಗರೆಯುತ್ತಾಳೆ. ಅವನ ದನಿ ಏರುವುದಿಲ್ಲ. ಅದೇ ಸೌಮ್ಯ, ಅದೇ ತಡವರಿಕೆ, ಮೊದಲಿನ ಚಿತ್ರಗಳಲ್ಲಿ ನಾವು ಮೆಚ್ಚಿದ ಅದೇ ವಿನಯ. ಭಯವಾಗುವುದು ಅದಕ್ಕೇ. ಹೋಟೆಲ್ ಕೋಣೆಯಲ್ಲಿ ಅವನು ಕಾಯುತ್ತಾನೆ. ಹೊರಗಿನ ನಿಯಾನ್ ಫಲಕದ ಹಸಿರು ಬೆಳಕು ಕೋಣೆ ತುಂಬಿದೆ. ತುರುಬಿನ ಸಮೇತ ಎಲ್ಲ ಸರಿಯಾಗಿ ಅವಳು ಆ ಹಸಿರು ಮಬ್ಬಿನಿಂದ ಹೊರಬರುವಾಗ ಸ್ಟೀವರ್ಟ್ ಮುಖದಲ್ಲಿ ಆಸೆ, ಭಕ್ತಿ, ದುಃಖ ಒಂದರ ಮೇಲೊಂದು ಹಾಯುತ್ತವೆ, ಕಣ್ಣು ತುಂಬುತ್ತದೆ. ಮನುಷ್ಯನೊಬ್ಬ ಇನ್ನೊಬ್ಬಳನ್ನು ಅಳಿಸಿಹಾಕಿ ಸುಖಪಡುವುದನ್ನು ನೋಡುತ್ತಿದ್ದೇವೆ, ಆದರೂ ಅವನಿಗಾಗಿ ನಮ್ಮ ಕರುಳು ಚುರಕ್ ಎನ್ನುತ್ತದೆ. ಇದನ್ನು ಕತ್ತರಿ ಮಾಡಿದ್ದಲ್ಲ. ಚಿತ್ರ ಬಂದಾಗ ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ನಾಯಕನಿಗೆ ವಯಸ್ಸಾಯಿತು, ಅದಕ್ಕೇ ಸೋತಿತು ಎಂದು ಹಿಚ್‌ಕಾಕ್ ನೊಂದುಕೊಂಡರೆಂದು ಹೇಳುತ್ತಾರೆ. ಚಿತ್ರೀಕರಣದ ಹೊತ್ತಿಗೆ ಸ್ಟೀವರ್ಟ್‌ಗೆ 49, ನಾಯಕಿ ಕಿಮ್ ನೋವಾಕ್‌ಗೆ 24. ಆದರೆ ಮುಂದಿನ ಚಿತ್ರಕ್ಕೆ ಹಿಚ್‌ಕಾಕ್ ಕರೆದ ಕ್ಯಾರಿ ಗ್ರ್ಯಾಂಟ್ ಸ್ಟೀವರ್ಟ್‌ಗಿಂತ ನಾಲ್ಕು ವರ್ಷ ದೊಡ್ಡವರು! ಜನರಿಗೆ ಹಿಡಿಸದೇ ಹೋದದ್ದು ವಯಸ್ಸಲ್ಲ. ತಾವು ನಂಬಿದ ಮನುಷ್ಯನನ್ನು ಆ ಸ್ಥಿತಿಯಲ್ಲಿ ನೋಡುವುದು ಅವರಿಗೆ ಕಷ್ಟವಾಯಿತು. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ಸಮೀಕ್ಷೆಯಲ್ಲಿ ವಿಮರ್ಶಕರು ‘ಸಿಟಿಜನ್ ಕೇನ್’ ಅನ್ನು ಹಿಂದಿಕ್ಕಿ ‘ವರ್ಟಿಗೊ’ವನ್ನು ಮೊದಲ ಸ್ಥಾನಕ್ಕೆ ತಂದರು. ಅದನ್ನು ನೋಡಲು ಸ್ಟೀವರ್ಟ್ ಇರಲಿಲ್ಲ. 1997ರ ಜುಲೈ 2ರಂದು, 89ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಎಲ್ಲ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ‘ಸ್ಟ್ರಾಟೆಜಿಕ್ ಏರ್ ಕಮಾಂಡ್’ (1955) ವಾಯುಪಡೆಯ ಜಾಹೀರಾತಿನಂತಿದೆ. ‘ದಿ ಎಫ್‌ಬಿಐ ಸ್ಟೋರಿ’ (1959) ಆ ಸಂಸ್ಥೆಯ ಕಣ್ಗಾವಲಿನಲ್ಲೇ ತಯಾರಾದ ಸ್ತುತಿ. ‘ದಿ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ನಲ್ಲಿ 25ರ ಹರೆಯದ ವಿಮಾನಚಾಲಕ ಲಿಂಡ್‌ಬರ್ಗ್ ಪಾತ್ರವನ್ನು ಐವತ್ತರ ಹತ್ತಿರ ಬಂದವರು ಮಾಡಬಾರದಿತ್ತು. ರಾಜಕೀಯದಲ್ಲಿ ಅವರು ಗಟ್ಟಿ ರಿಪಬ್ಲಿಕನ್. ಅದಕ್ಕಾಗಿ ಫೋಂಡಾ ಜೊತೆ ಜಗಳವಾಗಿ, ಇನ್ನು ಆ ವಿಷಯ ಎತ್ತುವುದೇ ಬೇಡ ಎಂದು ಇಬ್ಬರೂ ಒಪ್ಪಿ ಕೊನೆಯವರೆಗೂ ಗೆಳೆಯರಾಗಿ ಉಳಿದರು. ವಿಯೆಟ್ನಾಂ ಯುದ್ಧವನ್ನು ಬೆಂಬಲಿಸಿದರು, 1969ರಲ್ಲಿ ಮಲಮಗ ಅಲ್ಲೇ ಸತ್ತ ಮೇಲೂ ನಿಲುವು ಬದಲಿಸಲಿಲ್ಲ. ಅವರ ಚಿತ್ರಗಳಲ್ಲಿ ಅಮೆರಿಕದ ಸಜ್ಜನಿಕೆಯ ಬಗ್ಗೆ ಏಳುವ ಪ್ರಶ್ನೆಗಳು ಅವರ ಭಾಷಣಗಳಲ್ಲಿ ಏಳಲಿಲ್ಲ. ಆದರೆ ಆ ಪ್ರಶ್ನೆಗಳಿಗೆ ತೂಕ ಬಂದದ್ದು ಈ ಕಾರಣದಿಂದಲೂ ಹೌದು. ದೇಶ, ದೇವರು, ಸಂಸಾರ ಎಂದು ನಿಜವಾಗಿ ನಂಬಿದವನ ಮುಖದ ಮೇಲೆ ಬಿರುಕು ಕಂಡಾಗ ಅದನ್ನು ಹೊರಗಿನವನ ನಿಂದೆ ಎಂದು ತಳ್ಳಿಹಾಕಲು ಬರುವುದಿಲ್ಲ.

ತಮ್ಮ ಮುಗ್ಧತೆ ಕಟ್ಟಿದ್ದು ಎಂಬುದನ್ನು ಸ್ಟೀವರ್ಟ್ ಒಮ್ಮೆ ತೆರೆಯ ಮೇಲೇ ಬಿಚ್ಚಿಟ್ಟರು. 1959ರ ‘ಅನಾಟಮಿ ಆಫ್ ಎ ಮರ್ಡರ್’ನಲ್ಲಿ ಅವರು ಮೀನು ಹಿಡಿಯುತ್ತ ಕಾಲ ಕಳೆಯುವ ಸಣ್ಣ ಊರಿನ ವಕೀಲ. ಕೊಲೆ ಮಾಡಿದವನ ಪರ ವಾದಿಸಬೇಕು. ಇಂಥದ್ದು ಹೇಳು ಎಂದು ನೇರವಾಗಿ ಹೇಳಿಕೊಡದೆ, ಕಾನೂನಿನಲ್ಲಿ ಯಾವ ಯಾವ ನೆಪಕ್ಕೆ ಜಾಗವಿದೆ ಎಂದು ಕಕ್ಷಿದಾರನಿಗೆ ‘ಪಾಠ’ ಮಾಡುತ್ತಾನೆ. ಕೋರ್ಟಿನಲ್ಲಿ, ನಾನೊಬ್ಬ ಹಳ್ಳಿ ವಕೀಲ, ನನಗೇನು ಗೊತ್ತು ಎಂಬ ಧಾಟಿಯಲ್ಲಿ ಎದ್ದು ನಿಂತು, ಬೇಕಾದಾಗ ತಡವರಿಸಿ, ಬೇಕಾದಾಗ ಗುಡುಗಿ, ತೀರ್ಪುಗಾರರ ಮನಸ್ಸನ್ನು ಒಲಿಸುತ್ತಾನೆ. ನ್ಯಾಯಾಧೀಶನ ಕುರ್ಚಿಯಲ್ಲಿ ಕೂತವರು ನಟರಲ್ಲ, 1954ರಲ್ಲಿ ಸೆನೆಟರ್ ಮೆಕಾರ್ಥಿಯನ್ನು ಬಹಿರಂಗವಾಗಿ ಎದುರಿಸಿದ್ದ ನಿಜವಾದ ವಕೀಲ ಜೋಸೆಫ್ ವೆಲ್ಚ್. ಅತ್ಯಾಚಾರದ ಬಗ್ಗೆ ಆ ಕಾಲಕ್ಕೆ ತೆರೆಯ ಮೇಲೆ ಕೇಳದ ಮಾತುಗಳು ಚಿತ್ರದಲ್ಲಿದ್ದವು. ಆಸ್ಕರ್ ಪ್ರತಿಮೆಯನ್ನು ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ತಂದೆಗೇ ಅದು ಕೊಳಕು ಚಿತ್ರ ಎನ್ನಿಸಿತು ಎನ್ನುತ್ತಾರೆ. ಕೊನೆಗೂ ಸತ್ಯ ಏನೆಂದು ಚಿತ್ರ ಹೇಳುವುದಿಲ್ಲ. ಗೆದ್ದ ವಕೀಲನಿಗೂ ಗೊತ್ತಿಲ್ಲ.

ಮೂರು ವರ್ಷದ ನಂತರ ಜಾನ್ ಫೋರ್ಡ್ ಅವರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವೇಲೆನ್ಸ್’ ಬಂತು. ಬಂದೂಕು ಹಿಡಿಯಲು ಬಾರದ ಆದರ್ಶವಾದಿ ವಕೀಲನೊಬ್ಬ ಊರಿನ ಪುಂಡನನ್ನು ಗುಂಡಿಕ್ಕಿ ಕೊಂದನೆಂದು ಜನ ನಂಬುತ್ತಾರೆ. ಆ ಕೀರ್ತಿಯ ಬಲದಿಂದ ಅವನು ಗವರ್ನರ್, ಸೆನೆಟರ್ ಆಗುತ್ತಾನೆ. ಗುಂಡು ಹಾರಿಸಿದ್ದು ಜಾನ್ ವೇನ್ ಪಾತ್ರ. ಅವನು ಹೆಸರಿಲ್ಲದೆ, ಬಡತನದಲ್ಲಿ ಸಾಯುತ್ತಾನೆ. ಅವನ ಅಂತ್ಯಕ್ರಿಯೆಗೆ ಬಂದ ಮುದಿ ಸೆನೆಟರ್ ಪತ್ರಿಕೆಯವರಿಗೆ ನಿಜ ಹೇಳಿದರೂ ಅವರು ಅದನ್ನು ಅಚ್ಚು ಮಾಡುವುದಿಲ್ಲ. ಮರಳುವ ರೈಲಿನಲ್ಲಿ ಹೆಂಡತಿ ಪಕ್ಕದಲ್ಲಿದ್ದಾಳೆ. ಸೆನೆಟರ್ ಪೈಪು ಹಚ್ಚಲು ಕಡ್ಡಿ ಗೀರುತ್ತಾನೆ. ಲಿಬರ್ಟಿ ವೇಲೆನ್ಸ್‌ನನ್ನು ಕೊಂದ ಮಹನೀಯರಿಗಾಗಿ ಏನು ಮಾಡಿದರೂ ಕಡಿಮೆಯೇ ಎಂದು ರೈಲಿನ ಕಂಡಕ್ಟರ್ ಅಭಿಮಾನದಿಂದ ಹೇಳಿ ಹೋಗುತ್ತಾನೆ. ಸ್ಟೀವರ್ಟ್ ಏನೂ ಹೇಳುವುದಿಲ್ಲ. ಪೈಪಿನವರೆಗೆ ಬಂದಿದ್ದ ಕಡ್ಡಿಯನ್ನು ಊದಿ ಆರಿಸಿ, ತಲೆ ತಗ್ಗಿಸುತ್ತಾರೆ.